ಕೊನೆಯ ಟೆಂಟಿನವನು

ಕಳೆದ ಋತುವಿನಲ್ಲಿ ಶಿಖರ ಹತ್ತಿದವರೆಲ್ಲ ಕ್ಷೇಮವಾಗಿ ಇಳಿದು ಬಂದರು. ಅವರಿಗೆಂದು ಕೊನೆಯ ಟೆಂಟಿನಲ್ಲಿ ಹಿಮ ಕರಗಿಸಿ ನೀರು ಕಾಯಿಸುತ್ತ ಕೂತಿದ್ದವನನ್ನು ಅಲ್ಲಿಯೇ ಬಿಟ್ಟು ಬಂದರು. ಎರಡು ರಾತ್ರಿ ಕಾದು ಅವನು ತಾನಾಗಿಯೇ ಇಳಿದ.

ಕಂಪನಿಯಲ್ಲಿ ಅವನನ್ನು ಎಲ್ಲರೂ ನೀರಣ್ಣ ಎನ್ನುತ್ತಿದ್ದರು. ಹೆಂಡತಿ ಮಕ್ಕಳಿಲ್ಲದ ಜೀವ. ಅಕ್ಕ ಭಾವನ ಮನೆಯಲ್ಲಿ, ಬಚ್ಚಲಿಗೆ ಅಂಟಿಕೊಂಡ ಸಣ್ಣ ಕೋಣೆಯಲ್ಲಿ ಅವನ ವಾಸ. ದುಡ್ಡಿದ್ದವರನ್ನು ಎತ್ತರದ ಬೆಟ್ಟಗಳಿಗೆ ಹತ್ತಿಸಿ ಇಳಿಸುವುದು ಕಂಪನಿಯ ವ್ಯಾಪಾರ. ಅದರಲ್ಲಿ ಭಾವ ಮುಖ್ಯ ಗೈಡು. ಭಾವನೇ ಕೈಹಿಡಿದು ಅವನನ್ನು ಕೆಲಸಕ್ಕೆ ಸೇರಿಸಿದ್ದು. ಮೊದಮೊದಲು ಮೂಟೆ ಹೊತ್ತ, ಆಮೇಲೆ ಹಗ್ಗ ಕಟ್ಟಿದ, ಕೊನೆಗೆ ಯಾರಿಗೂ ಬೇಡವಾದ ಕೆಲಸ ಅವನ ಪಾಲಿಗೆ ಬಂದು ಅಲ್ಲೇ ನಿಂತಿತು.

ಅಷ್ಟು ಮೇಲೆ ಹರಿಯುವ ನೀರೆಂಬುದಿಲ್ಲ. ಪಾತ್ರೆ ತುಂಬ ಹಿಮ ಒತ್ತಿ ಸ್ಟವ್ ಮೇಲಿಟ್ಟರೆ ತಳದಲ್ಲಿ ಅಂಗೈಯಷ್ಟು ನೀರು ನಿಂತರೆ ಪುಣ್ಯ. ಮತ್ತೆ ತುಂಬಬೇಕು, ಮತ್ತೆ ಕಾಯಬೇಕು, ಬೆಂಕಿ ಆರದಂತೆ ಅಂಗೈ ಅಡ್ಡ ಹಿಡಿಯಬೇಕು. ಶಿಖರದಿಂದ ಇಳಿದವರ ನಾಲಿಗೆ ಕಟ್ಟಿಗೆಯಾಗಿರುತ್ತದೆ. ತಮ್ಮ ಬೂಟು ತಾವೇ ಬಿಚ್ಚಿಕೊಳ್ಳುವ ತ್ರಾಣವಿರುವುದಿಲ್ಲ. ಅಂಥವರ ಕೈಗೆ ಬಿಸಿನೀರಿನ ಲೋಟ ಕೊಟ್ಟು, ಬೂಟು ಕಳಚಿ, ಕಾಲುಬೆರಳು ತಿಕ್ಕಿ, ಟೆಂಟಿನ ಬಾಯಲ್ಲಿ ದೀಪ ಉರಿಸಿಡುವುದು ನೀರಣ್ಣನ ಕೆಲಸ. ಇಷ್ಟು ವರ್ಷಗಳಲ್ಲಿ ಅವನು ಒಮ್ಮೆಯೂ ಶಿಖರಕ್ಕೆ ಕಾಲಿಟ್ಟವನಲ್ಲ. ಮೇಲೆ ಹೇಗಿರತ್ತೆ ಎಂದು ಯಾರಾದರೂ ಕೇಳಿದರೆ, ಬೂಟಿನ ತಳ ನೋಡಿ ಹೇಳಬಲ್ಲೆ, ತುಂಬಾ ತಂಪಂತೆ ಎಂದು ನಗಿಸುತ್ತಿದ್ದ.

ಕಳೆದ ಋತುವಿನ ಆ ದಿನ ಅವನ ವಾಕಿಟಾಕಿಯನ್ನು ಕಂಪನಿಯ ಧಣಿ ಕೆಳಗಿನಿಂದಲೇ ಹೇಳಿ ಒಬ್ಬ ಗಿರಾಕಿಗೆ ಕೊಡಿಸಿದ್ದರು. ಶಿಖರದ ಮೇಲೆ ನಿಂತು ಬೇಸ್ ಕ್ಯಾಂಪಿನಲ್ಲಿದ್ದ ತನ್ನ ಗೆಳೆಯರೊಂದಿಗೆ ಮಾತಾಡಬೇಕೆಂಬುದು ಆ ಮನುಷ್ಯನ ಆಸೆ. ಕೂತಲ್ಲೇ ಕೂರುವವನಿಗೆ ವಾಕಿಟಾಕಿ ಏತಕ್ಕೆ ಎಂದು ಧಣಿ ಕೇಳಿದ್ದು ನ್ಯಾಯವಾಗಿಯೇ ಕೇಳಿಸಿತ್ತು. ಮಧ್ಯಾಹ್ನ ಗಾಳಿ ಎದ್ದಿತು. ಬಂದ ದಾರಿಯಲ್ಲಿ, ದಿಣ್ಣೆಯ ಮೇಲೆ ಇಳಿದರೆ ಗಾಳಿಗೆ ಸಿಕ್ಕಿ ಹಾರಿಹೋಗುವ ಭಯ. ಭಾವ ಎಲ್ಲರನ್ನೂ ಇನ್ನೊಂದು ಬದಿಯ ಹಿಮದ ಕೊರಕಲಿನಲ್ಲಿ ಇಳಿಸಿ, ಕೊನೆಯ ಟೆಂಟನ್ನು ಮುಟ್ಟದೆ, ನೇರ ನಡುವಿನ ಕ್ಯಾಂಪಿಗೆ ತಂದ. ಅಲ್ಲಿ ತಲೆ ಎಣಿಸಿದ. ಶಿಖರಕ್ಕೆ ಹೋದವರೆಷ್ಟೋ ಬಂದವರೂ ಅಷ್ಟೇ. ಎಲ್ಲರೂ ಬಂದೆವು ಎಂದು ಕೆಳಕ್ಕೆ ಸುದ್ದಿ ಹೋಯಿತು. ಕೆಳಗಿನವರು ಶಿಳ್ಳೆ ಹೊಡೆದರು.

ನೀರಣ್ಣ ಶಿಖರಕ್ಕೆ ಹೋದವನಲ್ಲ. ಆದ್ದರಿಂದ ಬಾರದವನೂ ಆಗಲಿಲ್ಲ.

ಮೇಲೆ ಅವನು ಹಿಮ ಕರಗಿಸುತ್ತಲೇ ಇದ್ದ. ಕಾದ ನೀರು ಆರಿತು, ಮತ್ತೆ ಕಾಯಿಸಿದ. ಟೆಂಟಿನ ಬಟ್ಟೆ ಗಾಳಿಗೆ ಬಡಿದುಕೊಳ್ಳುವ ಸದ್ದಿನಲ್ಲಿ ಬೂಟಿನ ಸದ್ದು ಕೇಳಿದಂತಾಗಿ ಎಷ್ಟೋ ಸಲ ಜಿಪ್ಪು ಎಳೆದು ಹೊರಗೆ ತಲೆ ಹಾಕಿದ. ಬೆಳಕು ಹೋಯಿತು. ಬೆಳಕು ಬಂತು. ಯಾರೂ ಬರಲಿಲ್ಲ. ಅವರೆಲ್ಲ ಸತ್ತರೆಂದು ಅವನಿಗೆ ಗಟ್ಟಿಯಾಯಿತು. ಇಳಿದುಬಿಡೋಣವೆಂದರೆ ಕಾಲು ಏಳದು. ತಾನು ಇಳಿದರೆ ಅವರು ಸತ್ತರೆಂದು ತಾನೇ ಒಪ್ಪಿಕೊಂಡ ಹಾಗೆ. ಇಳಿದು ಬರುವವರಿಗೆಂದು ತಂದಿಟ್ಟ ಆಕ್ಸಿಜನ್ ಸಿಲಿಂಡರ್ ಪಕ್ಕದಲ್ಲೇ ಇತ್ತು. ತಲೆ ಸಿಡಿಯುತ್ತಿದ್ದರೂ ಅದರ ತಿರುಪಿಗೆ ಕೈ ಹಚ್ಚಲಿಲ್ಲ. ತಾನು ಉಸಿರೆಳೆದ ಹೊತ್ತಿಗೇ ಯಾರಾದರೂ ತೆವಳಿಕೊಂಡು ಬಂದರೆ? ಎರಡನೆಯ ರಾತ್ರಿ ಅವನು ಅಕ್ಕನಿಗೆ ಏನು ಹೇಳಬೇಕೆಂದು ಯೋಚಿಸಿದ. ಭಾವನ ಸಾವನ್ನು ಮೊದಲು ಹೇಳಬೇಕೋ, ಮನೆಯೊಳಗೆ ಕರೆದು ಕೂರಿಸಿ ಆಮೇಲೆ ಹೇಳಬೇಕೋ. ಅಕ್ಕ ಆಗ ಇಸ್ತ್ರಿ ಮಾಡುತ್ತಿದ್ದರೆ ಮೊದಲು ಇಸ್ತ್ರಿಪೆಟ್ಟಿಗೆಯನ್ನು ಅವಳ ಕೈಯಿಂದ ತೆಗೆದಿಡಬೇಕು ಎಂಬಲ್ಲಿಯವರೆಗೆ ಯೋಚಿಸಿದ.

ಗ್ಯಾಸಿನ ಡಬ್ಬಿ ಬರಿದಾದ ಮೇಲೆ ಇಳಿದ. ದಾರಿಯುದ್ದಕ್ಕೂ ಅತ್ತ. ಅತ್ತದ್ದು ರೆಪ್ಪೆಯ ಮೇಲೇ ಹೆಪ್ಪುಗಟ್ಟಿತು. ನಡುವಿನ ಕ್ಯಾಂಪು ಖಾಲಿಯಿತ್ತು. ಅಲ್ಲಿ ಬಿದ್ದಿದ್ದ ಹೊಸ ಬಿಸ್ಕತ್ತಿನ ಪೊಟ್ಟಣ ನೋಡಿಯೂ ಅವನಿಗೆ ಏನೂ ಹೊಳೆಯಲಿಲ್ಲ, ಅಷ್ಟು ಮಂಕಾಗಿದ್ದ. ಬೇಸ್ ಕ್ಯಾಂಪಿನ ದೊಡ್ಡ ಟೆಂಟಿನೊಳಗಿಂದ ಹಾಡು ಬರುತ್ತಿತ್ತು. ಪರದೆ ಸರಿಸಿದ. ಸತ್ತವರೆಲ್ಲ ಸಾಲಾಗಿ ಕೂತು ಊಟ ಮಾಡುತ್ತಿದ್ದರು.

“ಅರೆ, ನೀರಣ್ಣ!” ಎಂದ ಅಡುಗೆಯವ, ಸೌಟು ಹಿಡಿದೇ. ಬಾಯಿ ತೆರೆದು ನಿಂತ ಅವನ ಮುಖ ನೋಡಿ ಒಬ್ಬ ಗಿರಾಕಿಗೆ ನಗು ತಡೆಯಲಾಗಲಿಲ್ಲ. ನಗು ಒಬ್ಬರಿಂದ ಒಬ್ಬರಿಗೆ ಹತ್ತಿತು. ಅವರ ತಪ್ಪಲ್ಲ, ಇಂಥದು ನಡೆದಿದೆಯೆಂದು ಅವರಿಗೆ ಗೊತ್ತೇ ಇರಲಿಲ್ಲ. ಭಾವ ಮಾತ್ರ ನಗಲಿಲ್ಲ. ತಟ್ಟೆಯಿಂದ ತಲೆಯನ್ನೂ ಎತ್ತಲಿಲ್ಲ.

ಒಂದು ಗಳಿಗೆ ನೀರಣ್ಣನಿಗೆ ಸಂತೋಷವೇ ಆಯಿತು. ಬದುಕಿದ್ದಾರೆ. ಅಕ್ಕನಿಗೆ ಏನೂ ಹೇಳಬೇಕಾಗಿಲ್ಲ. ಆ ಸಂತೋಷ ಇಳಿದ ಮೇಲೆ ಉಳಿದದ್ದು ಏನೆಂದು ಅವನಿಗೆ ಬಹಳ ದಿನ ತಿಳಿಯಲಿಲ್ಲ.

ಧಣಿ ಚುರುಕು ಮನುಷ್ಯ. ಊರು ತಲುಪುವುದರೊಳಗೆ ಕತೆ ತಯಾರಾಗಿತ್ತು. ಬಿರುಗಾಳಿಯಲ್ಲಿ ಎಲ್ಲರೂ ಇಳಿದರೂ ಟೆಂಟು, ಸಾಮಾನು, ಸಿಲಿಂಡರು ಕಾಯಲು ಒಬ್ಬನೇ ಹಠ ಹಿಡಿದು ಉಳಿದ ನಿಷ್ಠಾವಂತ. ಜಾಹೀರಾತಿನ ಪುಸ್ತಕದಲ್ಲಿ ಅವನ ಫೋಟೋ ಬಂತು, ಕೆಳಗೆ ಆ ಕತೆ. ಗಾಜಿನ ಒಂದು ಫಲಕವನ್ನೂ ಕೊಟ್ಟರು. ಬೈದಿದ್ದರೆ ತಿರುಗಿ ಬೈಯಬಹುದಿತ್ತು, ಕೂಲಿ ಕತ್ತರಿಸಿದ್ದರೆ ಜಗಳ ತೆಗೆಯಬಹುದಿತ್ತು. ಹೊಗಳಿದರೆ ಏನು ಮಾಡುವುದು? ದುಡಿಯುವವನ ಮೇಲೆ ನಡೆದ ಅನ್ಯಾಯಕ್ಕೆ ತ್ಯಾಗವೆಂದು ಹೆಸರಿಟ್ಟುಬಿಟ್ಟರೆ, ಮಾಡಿದವನು ಉತ್ತರ ಹೇಳಬೇಕಾಗಿಲ್ಲ. ಅನುಭವಿಸಿದವನೇ ಎಲ್ಲರ ಮುಂದೆ ನಗುತ್ತ ನಿಲ್ಲಬೇಕು.

ಅಂಗಡಿಯವನು ನಿಲ್ಲಿಸಿ ಬೆನ್ನು ತಟ್ಟಿದ. ಬೀದಿಯ ತಿರುವಿನ ಸೈಕಲ್ ರಿಪೇರಿಯವನು, ನಮ್ಮ ಬೀದಿಯ ಹುಲಿ ಎಂದ. ಅಡುಗೆಯವ ಮಾತ್ರ ಬಿಡದೆ ಕಾಡುತ್ತಿದ್ದ: ಎರಡು ದಿನ ಬಾಡಿಗೆಯಿಲ್ಲದ ಮನೆ, ಅಷ್ಟು ಒಳ್ಳೆಯ ಗಾಳಿ ಬೆಳಕು, ಬಿಟ್ಟು ಯಾಕಪ್ಪ ಬಂದೆ ಎಂದು. ಆ ಕುಚೇಷ್ಟೆಯೇ ನೀರಣ್ಣನಿಗೆ ಹಿತವೆನಿಸುತ್ತಿತ್ತು. ಅದರಲ್ಲಿ ಅರ್ಧವಾದರೂ ನಿಜವಿತ್ತು.

ಅಕ್ಕ ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಇಸ್ತ್ರಿಯ ಕೆಲಸದವಳು. ಇಡೀ ದಿನ ಬಿಳಿಯ ಹಾಸಿಗೆಬಟ್ಟೆಗಳ ಆವಿಯಲ್ಲಿ ನಿಂತು ಸಂಜೆ ಕಾಲು ಊದಿಸಿಕೊಂಡು ಬರುತ್ತಿದ್ದಳು. ಫಲಕವನ್ನು ಅವಳು ಫ್ರಿಜ್ಜಿನ ಮೇಲಿಟ್ಟು ದಿನವೂ ಒರೆಸುತ್ತಿದ್ದಳು. ಜತೆಯ ಕೆಲಸದ ಹೆಂಗಸರಿಗೆಲ್ಲ ತಮ್ಮನ ಕತೆ ಹೇಳಿ ಹೇಳಿ ಅದು ಅವಳ ಬಾಯಲ್ಲಿ ಇನ್ನಷ್ಟು ಬೆಳೆದಿತ್ತು. ಒಂದು ಸಂಜೆ ಅವಳು ಬಿಸಿನೀರಿನ ಬಕೆಟ್ಟಿನಲ್ಲಿ ಕಾಲಿಟ್ಟು ಕೂತಿದ್ದಾಗ ನೀರಣ್ಣ ಬಾಯಿ ತೆಗೆದ.

“ಅಕ್ಕ, ಅವತ್ತು ನಾನು ಹಠ ಮಾಡಿ ಕೂತಿದ್ದಲ್ಲ.”

“ಮತ್ತೆ? ಯಾರಾದ್ರೂ ಹಿಡಿದು ಕಟ್ಟಿ ಹಾಕಿದ್ರಾ?” ಅಕ್ಕ ನಕ್ಕಳು. “ನಿನ್ನ ಹಠ ನಂಗೆ ಗೊತ್ತಿಲ್ವಾ? ಅಮ್ಮ ಎತ್ಕೊಳ್ಳಲಿಲ್ಲ ಅಂತ ಬಾಗಿಲಲ್ಲೇ ಇಡೀ ಮಧ್ಯಾಹ್ನ ಕೂತಿದ್ದೋನು ನೀನು. ಅಷ್ಟಕ್ಕೂ ನಿಮ್ಮ ಭಾವ ಇದ್ರಲ್ಲ ಅಲ್ಲಿ. ಅವರು ಇದ್ದಾಗ ನಿಂಗೇನಾಗ್ತಿತ್ತು?”

ಒಳಕೋಣೆಯಲ್ಲಿ ಭಾವ ಕೆಮ್ಮಿದ. ನೀರಣ್ಣ ಬಕೆಟ್ಟಿಗೆ ಇನ್ನೊಂದು ಚೊಂಬು ಬಿಸಿನೀರು ಸುರಿದು ಎದ್ದು ಹೋದ. ನಿಜ ಹೇಳಿದರೆ ಅದು ಧಣಿಯ ಮೇಲೆ ಬೀಳುವುದಕ್ಕಿಂತ ಮೊದಲು ಈ ಮನೆಯ ಮೇಲೆ ಬೀಳುತ್ತದೆ. ಹೇಳದಿದ್ದರೆ, ಈ ಮನೆಯಲ್ಲಿ ಮೂವರು ಕೂತು ಉಣ್ಣುವಾಗಲೂ ಅವನೊಬ್ಬನೇ ಆ ಟೆಂಟಿನಲ್ಲಿರುತ್ತಾನೆ. ಬಡಿಸಿದ ತಟ್ಟೆ ಎದುರಿಗಿದ್ದರೂ ಕಿವಿ ಮಾತ್ರ ಹೊರಗಿನ ಹೆಜ್ಜೆಗೆ ಕಾಯುತ್ತಿತ್ತು. ಬಸ್ಸಿನಲ್ಲಿ, ಅಂಗಡಿಯ ಸಾಲಿನಲ್ಲಿ, ಎಲ್ಲಿ ನಿಂತರೂ ಅವನಿಗೆ ಜನರ ತಲೆ ಎಣಿಸುವ ಚಾಳಿ ಹತ್ತಿತು. ತನ್ನನ್ನು ಸೇರಿಸಿಕೊಂಡು ಎಣಿಸಬೇಕೋ ಬಿಟ್ಟು ಎಣಿಸಬೇಕೋ ಎಂಬಲ್ಲಿಗೆ ಬಂದು ಪ್ರತಿ ಸಲವೂ ಲೆಕ್ಕ ತಪ್ಪುತ್ತಿತ್ತು.

ಹೊಸ ಋತುವಿನ ತಯಾರಿ ಶುರುವಾಯಿತು.

ಹೊರಡುವ ಮುಂಚೆ ಬೆಟ್ಟವನ್ನು ಗೋದಾಮಿನ ನೆಲದ ಮೇಲೆ ಬರೆಯುವುದು ಆ ಕಂಪನಿಯ ಪದ್ಧತಿ. ರೋಲಿಂಗ್ ಶಟರಿನ ಹತ್ತಿರ ಸೀಮೆಸುಣ್ಣದಲ್ಲಿ ಒಂದು ದೊಡ್ಡ ಸುತ್ತು: ಅದು ಬೇಸ್ ಕ್ಯಾಂಪು. ಅಲ್ಲಿಂದ ಒಳಕ್ಕೆ ಹೋದಂತೆ ಸುತ್ತುಗಳು ಸಣ್ಣದಾಗುತ್ತವೆ. ಹಿಂದಿನ ಗೋಡೆಯ ಕಿಟಕಿಯ ಕೆಳಗೆ ಬೋರಲು ಹಾಕಿದ ಪ್ಲಾಸ್ಟಿಕ್ ಬಕೆಟ್ಟು ಶಿಖರ. ಯಾವ ಕ್ಯಾಂಪಿಗೆ ಏನು ಹೋಗಬೇಕೋ ಅದನ್ನು ಆಯಾ ಸುತ್ತಿನಲ್ಲಿ ತಂದು ಪೇರಿಸುತ್ತಾರೆ: ಟೆಂಟು, ಹಗ್ಗದ ಸುರುಳಿ, ಸಿಲಿಂಡರು, ಊಟದ ಪೊಟ್ಟಣ, ಔಷಧದ ಡಬ್ಬ. ಕಾಗದದ ಮೇಲೆ ಹಗುರವಾಗಿ ಕಾಣುವುದು ನೆಲದ ಮೇಲೆ ಗುಡ್ಡೆಯಾಗಿ ನಿಂತಾಗ ಅದನ್ನು ಹೊರುವವರ ಬೆನ್ನು ಎದುರಿಗೆ ಬರುತ್ತದೆ. ಮೇಲೊಂದು ಗ್ಯಾಸಿನ ಡಬ್ಬಿ ಹೆಚ್ಚಾದರೆ ಅದನ್ನು ಹೊರುವವನಿಗೆ ಕೆಳಗೆ ಊಟ ಹೆಚ್ಚು, ಆ ಊಟಕ್ಕೆ ಗ್ಯಾಸು ಹೆಚ್ಚು, ಆ ಗ್ಯಾಸು ಹೊರಲು ಇನ್ನೊಬ್ಬ. ಹೀಗೆ ಕೂಡಿಸಿ ಕಳೆದು ವಾರಗಟ್ಟಲೆ ಗೋದಾಮಿನಲ್ಲಿ ಜಗ್ಗಾಟ. ಎಲ್ಲ ಮುಗಿದ ಮೇಲೆ ಗಿರಾಕಿಗಳನ್ನು ಕರೆಸಿ ನಡೆಸುವ ತಾಲೀಮೊಂದಿದೆ. ಧಣಿ ಒಂದೊಂದೇ ದಿನವನ್ನು ಕೂಗುತ್ತ ಹೋಗುತ್ತಾರೆ, ಎಲ್ಲರೂ ಸುತ್ತಿನಿಂದ ಸುತ್ತಿಗೆ ನಡೆಯುತ್ತಾರೆ. ಗೆರೆ ಅಳಿಸದಿರಲೆಂದು ಎಲ್ಲರೂ ಬೂಟು ಕಳಚಿ ಬರೀ ಕಾಲುಚೀಲದಲ್ಲಿ.

ಈ ಸಲ ನೀರಣ್ಣನಿಗೆ ಬೇಕಾದದ್ದು ಒಂದೇ. ಕೊನೆಯ ಟೆಂಟಿನಲ್ಲಿ ಇನ್ನೊಬ್ಬನನ್ನು ಜತೆಗೆ ಹಾಕಬೇಕು. ಅದಾಗದಿದ್ದರೆ, ಯಾವ ದಾರಿಯಲ್ಲಿ ಇಳಿದರೂ ತನ್ನನ್ನು ಕರೆದುಕೊಂಡು ಹೋಗಲು ಇಂಥವನೇ ಬರುತ್ತಾನೆ ಎಂದು ಮೊದಲೇ ಗೊತ್ತುಮಾಡಬೇಕು. ಧಣಿ ತಮ್ಮ ಕೋಣೆಯಲ್ಲಿ ಹೊಸ ಜಾಕೆಟ್ಟುಗಳ ಬಣ್ಣ ಆರಿಸುತ್ತಿದ್ದಾಗ ಹೋಗಿ ಕೇಳಿದ. ಧಣಿ ಸಿಟ್ಟಾಗಲಿಲ್ಲ. ಕುರ್ಚಿ ಕೊಟ್ಟರು, ಚಹಾ ತರಿಸಿದರು, ತಾವೂ ಒಂದು ಕಾಲದಲ್ಲಿ ಮೂಟೆ ಹೊತ್ತವರೇ ಎಂದು ನೆನಪಿಸಿದರು. ಅಲ್ಲಿ ಇನ್ನೊಬ್ಬ ಮಲಗಬೇಕಾದರೆ ಒಬ್ಬ ಗಿರಾಕಿಯ ಜಾಗ ಹೋಗುತ್ತದೆ. ಆದರೂ ನೋಡೋಣ ಎಂದರು. ಧಣಿಯ ಬಾಯಲ್ಲಿ ನೋಡೋಣ ಎಂಬುದಕ್ಕೆ ಇರುವುದು ಒಂದೇ ಅರ್ಥ. ಅದು ಗೋದಾಮಿನ ಬೆಕ್ಕಿಗೂ ಗೊತ್ತಿತ್ತು.

ಉಳಿದದ್ದು ಭಾವ. ಒಂದು ಮಧ್ಯಾಹ್ನ ಇಬ್ಬರೇ ನಡುವಿನ ಕ್ಯಾಂಪಿನ ಸುತ್ತಿನಲ್ಲಿ ಕೂತು ಹಗ್ಗ ಪರೀಕ್ಷಿಸುತ್ತಿದ್ದರು. ಒಬ್ಬ ಹಗ್ಗವನ್ನು ಬಿಡುತ್ತ ಹೋಗುವುದು, ಇನ್ನೊಬ್ಬ ಬೆರಳ ನಡುವೆ ಎಳೆದುಕೊಳ್ಳುತ್ತ ಎಲ್ಲಾದರೂ ನೂಲು ಎದ್ದಿದೆಯೇ ಎಂದು ನೋಡುವುದು. ಬೇಸಿಗೆಯ ಧೂಳು ಕಿಟಕಿಯ ಬೆಳಕಿನಲ್ಲಿ ತೇಲುತ್ತಿತ್ತು. ಈ ಕೆಲಸದಲ್ಲಿ ಇಬ್ಬರಿಗೂ ಮಾತು ಬೇಕಾಗುತ್ತಿರಲಿಲ್ಲ. ಹಿಂದೆಲ್ಲ ಹಗ್ಗದ ಒಂದು ಜಗ್ಗಿನಲ್ಲೇ ಒಬ್ಬರ ಮನಸ್ಸು ಇನ್ನೊಬ್ಬರಿಗೆ ತಿಳಿಯುತ್ತಿತ್ತು.

“ಭಾವ,” ಎಂದ ನೀರಣ್ಣ, “ಅವತ್ತು ನಡುವಿನ ಕ್ಯಾಂಪಲ್ಲಿ ನಾನಿಲ್ಲ ಅಂತ ಗೊತ್ತಾಗಲಿಲ್ವಾ?”

ಹಗ್ಗ ನಿಂತಿತು.

“ಎಣಿಸಿದ್ನಲ್ಲೋ. ಎಣಿಕೆ ಸರಿ ಇತ್ತು,” ಎಂದ ಭಾವ. “ಒಬ್ಬನ ಕೈ ಮರಗಟ್ಟಿತ್ತು, ಇನ್ನೊಬ್ಬ ವಾಂತಿ ಮಾಡ್ತಾ ಇದ್ದ. ಹೋದೋರು ಎಷ್ಟು, ಬಂದೋರು ಎಷ್ಟು ಅಂತ ನೋಡ್ದೆ. ಸರಿ ಇತ್ತು.”

“ಆಮೇಲೆ ಯಾವಾಗ ನೆನಪಾಯ್ತು?”

ಭಾವ ಹಗ್ಗವನ್ನು ನೋಡಿದ. ಉತ್ತರ ತನಗೆ ಗೊತ್ತೇ ಇದೆ ಎಂದು ನೀರಣ್ಣನಿಗೆ ಎನಿಸಿತ್ತು: ನೀನು ಬಂದು ಎದುರಿಗೆ ನಿಂತಾಗ. ಅದನ್ನು ಕೇಳಿಸಿಕೊಂಡು ಕ್ಷಮಿಸಿಬಿಡಲು ಅವನು ಒಳಗೇ ತಯಾರಾಗಿಯೂ ಇದ್ದ. ಗಾಳಿಯಲ್ಲಿ ದಣಿದ ಮನುಷ್ಯ ಮರೆಯುತ್ತಾನೆ. ಮರೆಯುವುದಕ್ಕೆ ಏನು ಮಾಡುವುದು?

“ಮಾರನೇ ದಿನ ಬೆಳಿಗ್ಗೆ,” ಎಂದ ಭಾವ. “ಯಾರೋ ನೀರು ಕೇಳಿದ್ರು. ನೀರಣ್ಣನ್ನ ಕೇಳಿ ಅನ್ನೋಕೆ ಬಾಯಿ ತೆಗೆದೆ. ಆಗ್ಲೇ ಹೊಳೀತು ಕಣೋ, ನೀನಿಲ್ಲ ಅಂತ. ಧಣಿಗೆ ವಾಕಿಟಾಕೀಲಿ ಹೇಳ್ದೆ. ಅವರು, ಗಿರಾಕಿಗಳನ್ನ ಮೊದಲು ಇಳಿಸು, ಅವನೇನು ಹೊಸಬನಾ, ಬರ್ತಾನೆ ಬಿಡು ಅಂದ್ರು.”

“ನೀವು ಬಿಟ್ರಿ.”

ಭಾವ ಹಗ್ಗದ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿದ. ಆಮೇಲೆ, “ನಿಮ್ಮಕ್ಕನಿಗೆ ಹೇಳ್ಬೇಡ,” ಎಂದ.

ನೀರಣ್ಣ ಮತ್ತೆ ಹಗ್ಗ ಬಿಡತೊಡಗಿದ. ಕೈ ತನ್ನಷ್ಟಕ್ಕೆ ಕೆಲಸ ಮಾಡುತ್ತಿತ್ತು. ಎರಡನೆಯ ರಾತ್ರಿ ಅವನು ಟೆಂಟಿನಲ್ಲಿ ಕೂತು ಭಾವನ ಸಾವಿಗೆ ಅಳುತ್ತಿದ್ದಾಗ ಭಾವ ಕೆಳಗೆ ಎಚ್ಚರವಾಗಿದ್ದ, ಅವನು ಮೇಲಿದ್ದಾನೆಂದು ಗೊತ್ತಿದ್ದೇ ಎಚ್ಚರವಾಗಿದ್ದ. ಮರೆತವರ ನಡುವೆ ಒಬ್ಬನಾಗಿರುವುದು ಒಂದು ಥರ. ನೆನಪಿಟ್ಟುಕೊಂಡೇ ಬಿಟ್ಟವರ ಪಕ್ಕದಲ್ಲಿ ಕೂತು ಅನ್ನ ತಿನ್ನುವುದು ಬೇರೆ. ಗೋದಾಮು ಇದ್ದಕ್ಕಿದ್ದಂತೆ ತುಂಬ ದೊಡ್ಡದಾಗಿ ಕಂಡಿತು, ಭಾವ ತುಂಬ ದೂರ.

ಸುರುಳಿ ಮುಗಿದ ಮೇಲೆ ಅವನು ಇಷ್ಟೇ ಕೇಳಿದ: ಈ ಸಲ ನನ್ನ ಕರ್ಕೊಂಡು ಹೋಗೋಕೆ ನೀವು ಬರ್ತೀರಾ? ಧಣಿ ಏನಂತಾರೋ ಎಂದ ಭಾವ.

ತಾಲೀಮಿನ ದಿನ ಬಂತು. ಶಟರಿನ ಹೊರಗೆ ಒಳ್ಳೊಳ್ಳೆಯ ಬೂಟುಗಳ ಸಾಲು. ಒಳಗೆ ಬಣ್ಣಬಣ್ಣದ ಕಾಲುಚೀಲಗಳಲ್ಲಿ ದೊಡ್ಡ ಮನುಷ್ಯರು ಶಾಲೆಯ ಮಕ್ಕಳ ಹಾಗೆ ಸುತ್ತಿನೊಳಗೆ ಒತ್ತಿಕೊಂಡು ನಿಂತಿದ್ದರು. ಅವರಲ್ಲಿ ನಡುವಯಸ್ಸಿನ ಒಬ್ಬ ಡಾಕ್ಟರಮ್ಮ ಇದ್ದರು. ಎಲ್ಲವನ್ನೂ ಕೇಳಿ ಕೇಳಿ ತಿಳಿದುಕೊಳ್ಳುವವರು. ಸಿಲಿಂಡರಿನ ಮೂತಿ ತಾವೇ ತಿರುಗಿಸಿ ನೋಡಿದರು, ಊಟದ ಪೊಟ್ಟಣ ಮೂಸಿ ಮುಖ ಸಿಂಡರಿಸಿದರು. ಧಣಿ ಎತ್ತರದ ಸ್ಟೂಲಿನ ಮೇಲೆ ಕೂತು ಕೂಗುತ್ತಿದ್ದರು. ನಡೆದರು, ನಿಂತರು, ರಾತ್ರಿ ಎಂದಾಗ ಕೂತರು, ಬೆಳಗು ಎಂದಾಗ ಎದ್ದರು. ನಗೆ, ಕೀಟಲೆ ನಡೆದೇ ಇತ್ತು. ಒಬ್ಬ ದಪ್ಪ ಮನುಷ್ಯ ಎರಡನೇ ಸುತ್ತಿನಲ್ಲೇ ಏದುಸಿರು ಬಿಡುವಂತೆ ನಟಿಸಿ ಎಲ್ಲರನ್ನೂ ನಗಿಸಿದ.

ಕೊನೆಯ ಸುತ್ತು ತೀರ ಸಣ್ಣದು. ಅಲ್ಲೊಂದು ಸ್ಟವ್, ಒಂದು ಪಾತ್ರೆ, ಕೆಲವು ಡಬ್ಬಿ, ಸಿಲಿಂಡರು. ಎಲ್ಲರೂ ಶಿಖರಕ್ಕೆ ಹೊರಟಾಗ ನೀರಣ್ಣ ಅದರೊಳಗೆ ನಿಂತ. ಎದುರಿಗೆ ಒಬ್ಬೊಬ್ಬರಾಗಿ ಬಕೆಟ್ಟು ಮುಟ್ಟಿ, ಕೈ ಎತ್ತಿ, ಫೋಟೋ ತೆಗೆಸಿಕೊಂಡರು.

“ಗಾಳಿ ಎದ್ದಿದೆ,” ಎಂದು ಕೂಗಿದರು ಧಣಿ. “ಎರಡನೇ ದಾರಿ. ಕೊರಕಲಲ್ಲಿ ಇಳೀರಿ.”

ಭಾವ ಮುಂದಾಗಿ ನಡೆದ. ಸಾಲು ಅವನ ಹಿಂದೆ ಗೋಡೆಯ ಬದಿ ಹಿಡಿದು, ಕೊನೆಯ ಸುತ್ತನ್ನು ಮುಟ್ಟದೆ, ನಡುವಿನ ಕ್ಯಾಂಪಿಗೆ ಇಳಿಯಿತು. ಅಲ್ಲಿಂದ ಶಟರಿನತ್ತ. ಬೇಸ್ ಕ್ಯಾಂಪಿನ ಸುತ್ತಿನಲ್ಲಿ ಎಲ್ಲರೂ ಚಪ್ಪಾಳೆ ತಟ್ಟಿದರು. ಡಾಕ್ಟರಮ್ಮ ತಟ್ಟಲಿಲ್ಲ. ಹಿಂದಿರುಗಿ ನೋಡಿ, ಆ ಕೊನೇ ಟೆಂಟಿನವರು ಹೇಗೆ ಬರ್ತಾರೆ ಎಂದು ಕೇಳಿದರು.

ಧಣಿಗೆ ಈ ಪ್ರಶ್ನೆ ಇಷ್ಟವಾಯಿತು. ಅವರ ಮುಖ ಅರಳಿತು. ನಿಮಗೆ ಕೊಟ್ಟ ಪುಸ್ತಕದಲ್ಲಿರುವವನು ಇವನೇ ಎಂದು ತೋರಿಸಿ, ಇವನ ಬಾಯಲ್ಲೇ ಕೇಳಬೇಕು, ಇಂಥ ಜನ ನಮ್ಮ ಕಂಪನಿಯ ಬೆನ್ನೆಲುಬು ಎಂದರು. ನೀರಣ್ಣನ ಕಡೆಗೆ ಕೈ ಚಾಚಿದರು.

“ಹೇಳು ನೀರಣ್ಣ. ಕಳೆದ ಸಲ ನೀನಾಗೇ ಹೇಗೆ ಉಳಿದೆ, ಹೇಳು ಇವರಿಗೆ.”

ಸುತ್ತಿನ ಆಚೆ ಇಡೀ ಗೋದಾಮಿನ ಉದ್ದ. ಅದರ ತುದಿಯಲ್ಲಿ, ಶಟರಿನ ಬೆಳಕಿಗೆ ಬೆನ್ನು ಮಾಡಿ ನಿಂತವರ ಮುಖಗಳು ಸರಿಯಾಗಿ ಕಾಣುತ್ತಿರಲಿಲ್ಲ. ಭಾವನ ಮುಖವೂ ಕಾಣಲಿಲ್ಲ. ಅಕ್ಕ ಈಗ ಆವಿಯಲ್ಲಿ ನಿಂತಿರುತ್ತಾಳೆ. ಪಕ್ಕದವಳಿಗೆ ಏನಾದರೂ ಹೇಳಿ ನಗುತ್ತಿರುತ್ತಾಳೆ. ಸಂಜೆ ಮನೆಯ ಬಾಗಿಲು ತನಗೆ ಹೇಗೆ ತೆರೆಯುತ್ತದೋ, ತೆರೆಯುತ್ತದೋ ಇಲ್ಲವೋ.

“ನಾನಾಗೇ ಉಳೀಲಿಲ್ಲ,” ಎಂದ. ದೂರಕ್ಕೆ ಕೇಳಲೆಂದು ಸ್ವಲ್ಪ ಗಟ್ಟಿಯಾಗಿಯೇ ಹೇಳಿದ. “ಮರೆತು ಹೋಗಿದ್ರು. ಮಾರನೇ ದಿನ ನೆನಪಾಯ್ತು. ನೆನಪಾದ ಮೇಲೂ ಯಾರೂ ಬರಲಿಲ್ಲ.”

ಯಾರೋ ನಕ್ಕರು, ತಮಾಷೆಯಿರಬೇಕೆಂದು. ಆ ನಗು ಒಂಟಿಯಾಗಿ ನಿಂತು ಆರಿತು. ಧಣಿ ಸ್ಟೂಲಿನಿಂದ ಇಳಿದರು. ಇವನಿಗೆ ತಮಾಷೆ ಜಾಸ್ತಿ, ಎತ್ತರದ ಗಾಳಿ ತಲೆಗೆ ಹತ್ತಿದರೆ ಹೀಗೇ ಎಂದು ಎಲ್ಲರನ್ನೂ ಚಹಾಕ್ಕೆ ಕರೆದರು. ಅಡುಗೆಯವ ಲೋಟಗಳ ತಟ್ಟೆ ಹಿಡಿದು ಬಾಗಿಲಲ್ಲೇ ನಿಂತುಬಿಟ್ಟಿದ್ದ. ಅವನ ಬಾಯಿಂದ ಆ ದಿನ ಕುಚೇಷ್ಟೆ ಹೊರಡಲಿಲ್ಲ. ಯಾರೂ ಲೋಟ ತೆಗೆದುಕೊಳ್ಳಲಿಲ್ಲ. ಡಾಕ್ಟರಮ್ಮ ಭಾವನನ್ನು ನೋಡುತ್ತಿದ್ದರು. ಅವರನ್ನು ಇಳಿಸಿ ತರಬೇಕಾದವನು ಅವನು. ಭಾವ ತನ್ನ ಕಾಲುಚೀಲದ ತೂತನ್ನು ನೋಡುತ್ತಿದ್ದ.

“ಸರಿ, ಆಯ್ತು, ಇಳಿದು ಬಾ,” ಎಂದರು ಧಣಿ. ದನಿಯಲ್ಲಿ ಇನ್ನೂ ನಗುವಿತ್ತು. “ಒಳಗೆ ಕೂತು ಮಾತಾಡೋಣ.”

“ಯಾರು ಬರ್ತಾರೆ ಹೇಳಿ ಧಣಿ.”

“ಏನು?”

“ಈ ಸಲ ಗಾಳಿ ಎದ್ದರೆ ನನ್ನ ಕರ್ಕೊಂಡು ಹೋಗೋಕೆ ಯಾರು ಬರ್ತಾರೆ? ಒಬ್ಬರನ್ನ ತೋರಿಸಿ. ಅವರು ಇಲ್ಲಿಗೆ ನಡೆದು ಬರಲಿ. ಜತೆಗೆ ಇಳೀತೀನಿ.”

ಭಾವ ಎರಡು ಹೆಜ್ಜೆ ಮುಂದೆ ಬಂದ, ಬೇಸ್ ಕ್ಯಾಂಪಿನ ಗೆರೆಯವರೆಗೆ. ಅಲ್ಲಿ ನಿಂತು ಧಣಿಯ ಕಡೆ ನೋಡಿದ. ಧಣಿ ಅವನ ಕಡೆ ನೋಡಲಿಲ್ಲ.

“ಇಳಿಯೋ,” ಎಂದ ಭಾವ ಮೆಲ್ಲಗೆ. “ಮನೇಲಿ ಮಾತಾಡೋಣ.”

“ಮನೇಲಿ ನಾವು ಯಾವತ್ತು ಮಾತಾಡಿದೀವಿ ಭಾವ?”

ಧಣಿಯ ಮುಖದಿಂದ ನಗು ಹೋಗಿತ್ತು. ಅವರು ಗೋದಾಮಿನ ನಡುವಿಗೆ ಬಂದು, ನಡುವಿನ ಕ್ಯಾಂಪಿನ ಪೊಟ್ಟಣಗಳ ಮೇಲೆ ಕೈಯಿಟ್ಟು, ತಗ್ಗಿದ ದನಿಯಲ್ಲಿ ಹೇಳಿದರು.

“ಇದು ಗೋದಾಮು ಕಣೋ. ಬರೀ ನೆಲ. ಸೀಮೆಸುಣ್ಣದ ಗೆರೆ. ಜನ ನೋಡ್ತಾ ಇದಾರೆ. ದಾಟಿ ಬಾ ಈಗ.”

ನೀರಣ್ಣ ಪಾತ್ರೆಯನ್ನು ಪಕ್ಕಕ್ಕೆ ಸರಿಸಿ, ಸ್ಟವಿನ ಪಕ್ಕ ಕಾಲು ಮಡಚಿ ಕೂತ.

“ಬರಲ್ಲ,” ಎಂದ.